ಕುದುರೆ ಕಲಿಸಿದ ಪಾಠ



"ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡೀತದ, ನಿಂತರೆ ಬಿಡ್ತದ" ಎನ್ನುವ ಹಿರಿಯರು ನಮ್ಮ ಸುಳಕೂಡದಂಥ ಊರುಗಳಲ್ಲಿ ಸಿಗುತ್ತಾರೆ. ವಯಸ್ಸಾಯಿತು, ವಾತ ಇರಬೇಕು ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಈ ನೋವಿಗೆ ಒಂದು ಇತಿಹಾಸವೇ ಇದೆ.

ಅದರ ಗುಟ್ಟು ತಿಳಿಸಿದ್ದು ಒಂದು ಕುದುರೆ! 1831ರಲ್ಲಿ ಫ್ರಾನ್ಸಿನ ಪಶುವೈದ್ಯ ಬೂಲೇ, ಗಾಡಿ ಎಳೆಯುವ ಒಂದು ಹೆಣ್ಣು ಕುದುರೆಯನ್ನು ಗಮನಿಸಿದ. ಓಡಿದರೆ ಕುಂಟುತ್ತಿತ್ತು, ನಿಂತರೆ ಸರಿಹೋಗುತ್ತಿತ್ತು. ಸತ್ತ ಮೇಲೆ ಕೊಯ್ದು ನೋಡಿದಾಗ ಹಿಂಗಾಲಿನ ರಕ್ತನಾಳಗಳು ಮುಚ್ಚಿದ್ದವು. 1858ರಲ್ಲಿ ಷಾರ್ಕೊ ಎಂಬ ವೈದ್ಯ ಮನುಷ್ಯನಲ್ಲೂ ಇದನ್ನೇ ಕಂಡ. ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಹಾಗೆಯೇ ನಾಳ ಕಿರಿದಾದರೆ, ದುಡಿಯುವ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗುವುದಿಲ್ಲ.

1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್, ಕತ್ತರಿಸಿ ತೆಗೆದ 11 ಕೈಕಾಲುಗಳನ್ನು ಪರೀಕ್ಷಿಸಿ ಇನ್ನೊಂದು ರೋಗವನ್ನು ವಿವರಿಸಿದ. ಅದಕ್ಕೆ ಅವನದೇ ಹೆಸರು ಬಂತು. ಇದು ಬರುವುದು ಹೆಚ್ಚಾಗಿ 50 ದಾಟದ, ಬೀಡಿ ಸಿಗರೇಟು ಸೇದುವ ಗಂಡಸರಿಗೆ. ಪಕ್ಕದ ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಊರು. ಎಷ್ಟೋ ಮನೆಗಳಿಗೆ ಅನ್ನ ಕೊಟ್ಟ ಬೆಳೆಯೇ ಸೇದಿದವನ ಕಾಲನ್ನು ಕಸಿಯುತ್ತದೆ ಎಂಬುದು ನಾವು ಮರೆಯಬಾರದ ಮಾತು.

ಮೊದಲು ಕಾಲು ಕೊಳೆತರೆ ಕತ್ತರಿಸುವುದೊಂದೇ ದಾರಿ. 1948ರಲ್ಲಿ ಫ್ರಾನ್ಸಿನ ಕುನ್ಲಿನ್ ರೋಗಿಯದೇ ಅಭಿಧಮನಿಯನ್ನು ಜೋಡಿಸಿ ರಕ್ತಕ್ಕೆ ಬಳಸುದಾರಿ ಮಾಡಿಕೊಟ್ಟ. 1964ರಲ್ಲಿ ಅಮೆರಿಕದ ಡಾಟರ್ ಬಳಿಗೆ, ಕಾಲು ಕತ್ತರಿಸಲು ಒಪ್ಪದ 82ರ ಅಜ್ಜಿಯೊಬ್ಬಳು ಬಂದಳು. ಅವನು ನಾಳದೊಳಗೆ ತೆಳು ಕೊಳವೆ ತೂರಿಸಿ ಇಕ್ಕಟ್ಟನ್ನು ಅಗಲ ಮಾಡಿದ. ಅಜ್ಜಿ ಕೊನೆಯವರೆಗೂ ತನ್ನ ಕಾಲಿನ ಮೇಲೇ ನಡೆದಳು! 1974ರಲ್ಲಿ ಗ್ರುಂಟ್‌ಜಿಗ್ ಈ ಕೆಲಸಕ್ಕೆ ಬಲೂನು ಬಳಸಿದ. ಇಂದು ಹೃದಯಕ್ಕೆ ಮಾಡುವ ಆಂಜಿಯೋಪ್ಲಾಸ್ಟಿ ಹುಟ್ಟಿದ್ದು ಕಾಲಿನಲ್ಲಿ ಎಂದರೆ ಆಶ್ಚರ್ಯವಲ್ಲವೇ?

ಆದರೆ ಬರ್ಗರ್ ರೋಗದಲ್ಲಿ ಮುಚ್ಚುವುದು ಸಣ್ಣ ಮತ್ತು ಮಧ್ಯಮ ಗಾತ್ರದ ನಾಳಗಳು. ಅಲ್ಲಿ ಈ ಉಪಾಯಗಳು ಅಷ್ಟಾಗಿ ನಡೆಯುವುದಿಲ್ಲ. ಬೀಡಿಯನ್ನು ಪೂರ್ತಿ ಬಿಡುವುದೇ ಮುಖ್ಯ ಮದ್ದು.

ವಯಸ್ಸಾದವರಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಕೊಬ್ಬು, ತಂಬಾಕು ಈ ನಾಲ್ಕೂ ನಾಳವನ್ನು ಕೆಡಿಸುತ್ತವೆ. ಕೈಯ ಮತ್ತು ಕಣಕಾಲಿನ ಬಿಪಿ ಹೋಲಿಸುವ ಸರಳ ಪರೀಕ್ಷೆಯಿಂದಲೇ ರೋಗದ ಸುಳಿವು ಸಿಗುತ್ತದೆ. ವೈದ್ಯರು ಹೇಳಿದಂತೆ ಔಷಧಿ ತೆಗೆದುಕೊಂಡು ದಿನಾ ನಡೆದರೆ ಬಹಳ ಜನರಿಗೆ ನೋವು ಕಡಿಮೆಯಾಗುತ್ತದೆ. ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಬೆರಳು ಕಪ್ಪಾದರೆ, ಗಾಯ ಮಾಯದಿದ್ದರೆ ಮಾತ್ರ ಒಂದು ದಿನವೂ ತಡ ಮಾಡಬಾರದು.

ಮಕ್ಕಳೇ, ಇಂದು ಮನೆಗೆ ಹೋಗಿ ಅಜ್ಜನನ್ನು ಒಂದು ಮಾತು ಕೇಳಿ: "ಅಜ್ಜಾ, ನಡೀವಾಗ ಕಾಲು ಹಿಡೀತದೇನು?"