ಲೇಸರ್ ಕಿರಣದಿಂದ ಶಿಲಾಭೇದನ: ಉಷ್ಣದ ಮಿತವ್ಯಯವನ್ನು ಕುರಿತ ಒಂದು ವಿವೇಚನೆ

ತೈಲ ಮತ್ತು ಅನಿಲದ ಬಾವಿಗಳನ್ನು ಕೊರೆಯುವಲ್ಲಿ ಉಕ್ಕಿನ ಬೈರಿಗೆಗೆ ಬದಲಾಗಿ ಲೇಸರ್ ಕಿರಣವನ್ನು ನಿಯೋಗಿಸಬಹುದೇ ಎಂಬ ಪ್ರಶ್ನೆಯನ್ನು ಅಮೆರಿಕದ ಗ್ಯಾಸ್ ರಿಸರ್ಚ್ ಇನ್‌ಸ್ಟಿಟ್ಯೂಟ್ 1997ರಲ್ಲಿ ಕೈಗೆತ್ತಿಕೊಂಡಾಗ, ಪ್ರಯೋಗಕ್ಕೆ ಒದಗಿದುವು ಸೈನ್ಯಕ್ಕೆಂದು ನಿರ್ಮಿತವಾಗಿದ್ದ ಮಹಾಶಕ್ತಿಯ ರಾಸಾಯನಿಕ ಲೇಸರುಗಳು. ಅಂಥ ಪ್ರಚಂಡ ಕಿರಣಕ್ಕೆ ಕರಗದ ಬಂಡೆಯಿಲ್ಲವೆಂಬುದು ಸಿದ್ಧವಾಯಿತು. ಆದರೆ ಶಿಲೆಯನ್ನು ದ್ರವವಾಗಿಸುವುದರಲ್ಲಲ್ಲ, ದ್ರವವಾಗುವ ಮುನ್ನವೇ ಸಿಡಿಸುವುದರಲ್ಲಿ ಈ ಉಪಾಯದ ಸಾರ್ಥಕ್ಯವಿದೆಯೆಂಬುದು ಪ್ರಸ್ತುತ ಲೇಖನದ ಪ್ರತಿಪಾದ್ಯ.

ಒಂದು ಘನ ಸೆಂಟಿಮೀಟರ್ ಶಿಲೆಯನ್ನು ಕಿತ್ತುತೆಗೆಯಲು ವ್ಯಯವಾಗುವ ಶಕ್ತಿಗೆ ವಿಶಿಷ್ಟ ಶಕ್ತಿಯೆಂದು ಹೆಸರು. ಆರ್ಗಾನ್ ರಾಷ್ಟ್ರೀಯ ಪ್ರಯೋಗಶಾಲೆಯಲ್ಲಿ 1.6 ಕಿಲೊವಾಟ್ ಸಾಮರ್ಥ್ಯದ ನಿಯೊಡಿಮಿಯಮ್ ಲೇಸರಿನಿಂದ ನಡೆದ ಪರೀಕ್ಷೆಗಳಲ್ಲಿ, ಶಿಲೆ ಕರಗಲು ತೊಡಗುವ ಅಂಚಿನಲ್ಲಿ ಈ ವ್ಯಯವು ಕನಿಷ್ಠವಾಗಿದ್ದಿತು. ಆ ಅಂಚನ್ನು ದಾಟಿದೊಡನೆ ಕರಗಿದ ಖನಿಜ ರಂಧ್ರದ ತಳದಲ್ಲಿ ನಿಂತು ಮುಂದೆ ಬರುವ ಶಕ್ತಿಯನ್ನು ತಾನೇ ಹೀರತೊಡಗುತ್ತದೆ.

ಕರಗುವ ಮುನ್ನವೇ ಶಿಲೆ ಸಿಡಿಯುವುದರ ಕಾರಣ ಅದರ ಸ್ವಭಾವದಲ್ಲೇ ಇದೆ. ಶಿಲೆ ಉಷ್ಣದ ಮಂದವಾಹಕವಾದುದರಿಂದ ಮೇಲ್ಮೈ ಕ್ಷಣಮಾತ್ರದಲ್ಲಿ ಕಾದರೂ ಒಡಲು ತಣ್ಣಗೇ ಉಳಿಯುತ್ತದೆ. ಹಿಗ್ಗಲೆಳಸುವ ಹೊರಪದರವನ್ನು ಹಿಗ್ಗದ ಒಳಭಾಗ ತಡೆಹಿಡಿಯುವುದರಿಂದ ಹುಟ್ಟುವ ಬಿಗುವು ಬಂಡೆಯ ತಾಳಿಕೆಯನ್ನು ಮೀರಿದಾಗ ಆ ಪದರ ಚಕ್ಕೆಯಾಗಿ ಸಿಡಿಯುತ್ತದೆ. ಬೆಣಚಿನ ಹರಳುಗಳು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಂತರ್‌ರಚನೆಯನ್ನು ಬದಲಿಸಿ ಹಿಗ್ಗುವುದು ಇದಕ್ಕೆ ಪೋಷಕ. ಸುಣ್ಣಕಲ್ಲಾದರೋ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಸುಟ್ಟಸುಣ್ಣವಾಗುತ್ತದೆ. ಆದುದರಿಂದ ಎಲ್ಲ ಶಿಲೆಗೂ ಒಂದೇ ವಿಧಿ ಸಲ್ಲದು. ಬೆಂಗಳೂರಿನ ಸುತ್ತಲ ಕಲ್ಲುಕುಟಿಗರು ಬಂಡೆಯ ಮೇಲೆ ಸೌದೆಯ ಉರಿಯನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತ, ಪದರ ಎಲ್ಲಿಯವರೆಗೆ ಎದ್ದಿದೆಯೆಂಬುದನ್ನು ಸುತ್ತಿಗೆಯ ಸದ್ದಿನಿಂದ ಅರಿತು ಚಪ್ಪಡಿಗಳನ್ನೆಬ್ಬಿಸುತ್ತಿದ್ದುದೂ ಹೊರಪದರವನ್ನು ಕಾಯಿಸಿ ಬೇರ್ಪಡಿಸುವ ಇದೇ ತತ್ತ್ವದ ಪ್ರಯೋಗ.

ಪ್ರಯೋಗಶಾಲೆಯಿಂದ ಬಾವಿಯ ತಳಕ್ಕೆ ಇಳಿದಾಗ ವಿಘ್ನಗಳು ಬೇರೆ. ಸಿಡಿದ ಚಕ್ಕೆಯನ್ನು ಅನಿಲದ ರಭಸದಿಂದ ಒಡನೊಡನೆ ತೊಲಗಿಸದಿದ್ದರೆ ಅದೇ ಕಿರಣಕ್ಕೆ ಅಡ್ಡವಾಗುತ್ತದೆ. ಬಾವಿಯಲ್ಲಿ ತುಂಬಿರುವ ಕೊರೆಕೆಸರು ಬೆಳಕನ್ನು ನುಂಗುತ್ತದೆ. ಕಿರಣವನ್ನು ತಳಕ್ಕೆ ಒಯ್ಯುವ ಕಿಲೋಮೀಟರುಗಳುದ್ದದ ಗಾಜಿನ ತಂತುವಿನಲ್ಲಿ ಸಾಗುವ ಪ್ರಬಲ ಬೆಳಕಿನ ಒಂದಂಶ ಬ್ರಿಲೂಯೆನ್ ಚದುರಿಕೆಯಿಂದ ಬಂದ ದಾರಿಗೇ ಮರಳುತ್ತದೆ. ಇವನ್ನೆಲ್ಲ ಪರ್ಯಾಲೋಚಿಸಿದಾಗ, ಬಂಡೆಯನ್ನು ಪೂರ್ತಿಯಾಗಿ ತೆಗೆಯುವ ಹೊಣೆಯನ್ನು ಕಿರಣಕ್ಕೇ ಹೊರಿಸುವುದಕ್ಕಿಂತ, ಕಿರಣದಿಂದ ಬಿರಿದು ದುರ್ಬಲವಾದ ಶಿಲೆಯನ್ನು ಬೈರಿಗೆ ಕೆರೆದು ತೆಗೆಯುವಂತೆ ಎರಡನ್ನೂ ಜೋಡಿಸುವುದೇ ಯುಕ್ತವೆಂದು ತೋರುತ್ತದೆ. ಕೊಲರಾಡೊದ ಫೊರೊ ಎನರ್ಜಿ ಸಂಸ್ಥೆ ಹಿಡಿದ ಮಾರ್ಗವೂ ಇದೇ.