ವೃದ್ಧರಲ್ಲಿ ಔಷಧಗಳ ಪರಸ್ಪರ ಕ್ರಿಯೆ

ಒಟ್ಟಿಗೆ ಸೇವಿಸಿದ ಔಷಧಗಳಲ್ಲಿ ಒಂದು ಮತ್ತೊಂದರ ಪರಿಣಾಮವನ್ನು ಹೆಚ್ಚಿಸುವುದನ್ನು, ಕುಗ್ಗಿಸುವುದನ್ನು ಅಥವಾ ಬದಲಿಸುವುದನ್ನು ಔಷಧಗಳ ಪರಸ್ಪರ ಕ್ರಿಯೆ ಎನ್ನುತ್ತಾರೆ. ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಕೀಲುನೋವುಗಳಿಗೆ ಬೇರೆ ಬೇರೆ ವೈದ್ಯರಿಂದ ಚಿಕಿತ್ಸೆ ಪಡೆಯುವ ವೃದ್ಧರಲ್ಲಿ ಇದರ ಅಪಾಯ ಹೆಚ್ಚು. ಪ್ರತಿಯೊಬ್ಬ ವೈದ್ಯರ ಚೀಟಿಯೂ ತನ್ನಷ್ಟಕ್ಕೆ ಸರಿಯಾಗಿಯೇ ಇರಬಹುದು; ಅವೆಲ್ಲವನ್ನೂ ಜೊತೆಗಿಟ್ಟು ಓದಿದಾಗಲೇ ತೊಡಕು ಕಾಣುತ್ತದೆ. ಹಾಗೆ ಓದುವ ಅವಕಾಶ ಅನೇಕ ವೇಳೆ ಫಾರ್ಮಸಿಸ್ಟರಿಗೆ ದೊರೆಯುತ್ತದೆ.

ಕಾರಣಗಳು

ವಯಸ್ಸಾದಂತೆ ಮೂತ್ರಪಿಂಡಗಳ ಸೋಸುವ ಶಕ್ತಿಯೂ ಯಕೃತ್ತಿನ ರಕ್ತಸಂಚಾರವೂ ಕುಗ್ಗುವುದರಿಂದ ಹಲವು ಔಷಧಗಳು ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತವೆ. ತಲೆಸುತ್ತು, ಮರೆವು, ಮಂಕು, ಎಡವಿ ಬೀಳುವುದು ಮುಂತಾದ ಲಕ್ಷಣಗಳನ್ನು ಮನೆಯವರು ಮುಪ್ಪಿನ ಸಹಜ ಫಲವೆಂದು ಭಾವಿಸುವುದೂ ಉಂಟು. ಕೆಲವೊಮ್ಮೆ ಅಡ್ಡಪರಿಣಾಮವನ್ನೇ ಹೊಸ ರೋಗವೆಂದು ತಿಳಿದು ಇನ್ನೊಂದು ಔಷಧ ಸೇರಿಸಲಾಗುತ್ತದೆ. ರಕ್ತದೊತ್ತಡದ ಆಮ್ಲೊಡಿಪಿನ್‌ನಿಂದ ಕಾಲು ಊದಿಕೊಂಡಾಗ ಮೂತ್ರವರ್ಧಕ ಕೊಡುವುದು ಇದಕ್ಕೆ ಪರಿಚಿತ ಉದಾಹರಣೆ.

ಒಂಟಾರಿಯೊ ಅಧ್ಯಯನ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 66 ವರ್ಷ ಹಾಗೂ ಮೇಲ್ಪಟ್ಟವರ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಮಧುಮೇಹಕ್ಕೆ ಗ್ಲಿಬೆನ್‌ಕ್ಲಮೈಡ್ ಸೇವಿಸುತ್ತ, ರಕ್ತದ ಸಕ್ಕರೆ ಅತಿಯಾಗಿ ಇಳಿದು ಆಸ್ಪತ್ರೆ ಸೇರಿದವರು ಹಿಂದಿನ ವಾರದಲ್ಲಿ ಕೋ-ಟ್ರೈಮಾಕ್ಸಜೋಲ್ ಪಡೆದಿರುವ ಸಂಭವ ಇತರರಿಗಿಂತ ಆರು ಪಟ್ಟಿಗೂ ಹೆಚ್ಚಾಗಿತ್ತು. ಡಿಗಾಕ್ಸಿನ್ ವಿಷಪ್ರಭಾವಕ್ಕೆ ಒಳಗಾದವರು ಕ್ಲಾರಿತ್ರೊಮೈಸಿನ್ ಪಡೆದಿರುವ ಸಂಭವ ಸುಮಾರು 12 ಪಟ್ಟು ಹೆಚ್ಚಿತ್ತು. ಈ ಎರಡೂ ಪ್ರತಿಜೀವಕಗಳು ಸಾಮಾನ್ಯ ಸೋಂಕಿಗೆ ಕೆಲವೇ ದಿನಗಳ ಮಟ್ಟಿಗೆ ಕೊಡುವಂಥವು. ಅಂಥ ಅಲ್ಪಾವಧಿಯ ಚೀಟಿಯೇ ಗಮನ ತಪ್ಪಿಸಿಕೊಳ್ಳುತ್ತದೆ.

ಪತ್ತೆಹಚ್ಚುವ ಕ್ರಮ

ಫಾರ್ಮಸಿಸ್ಟರು ಮೊದಲು ರೋಗಿ ಸೇವಿಸುವ ಎಲ್ಲದರ ಪಟ್ಟಿ ಮಾಡುತ್ತಾರೆ. ಚೀಟಿಯಿಲ್ಲದೆ ಕೊಂಡ ನೋವಿನ ಮಾತ್ರೆ, ಆಯುರ್ವೇದ ಔಷಧ, ಮನೆಮದ್ದುಗಳೂ ಅದರಲ್ಲಿ ಸೇರಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಮಂಡಿನೋವಿಗೆಂದು ಡೈಕ್ಲೊಫೆನಾಕ್ ನುಂಗಿದರೆ ಜಠರದಲ್ಲಿ ರಕ್ತಸ್ರಾವವಾಗಬಹುದು. ಎಲ್ಲ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ತಂದು ತೋರಿಸುವುದು ಸರಳ ಹಾಗೂ ಉಪಯುಕ್ತ ವಿಧಾನ. ಅಪಾಯ ಕಂಡಾಗ ಫಾರ್ಮಸಿಸ್ಟರು ವೈದ್ಯರನ್ನು ಸಂಪರ್ಕಿಸಿ ಪ್ರಮಾಣ ತಗ್ಗಿಸಲು ಅಥವಾ ಪರ್ಯಾಯ ಔಷಧ ನೀಡಲು ಸೂಚಿಸುತ್ತಾರೆ. ರೋಗಿ ತಾನಾಗಿ ಔಷಧ ನಿಲ್ಲಿಸುವುದು ಅಪಾಯಕರ.

ವೃದ್ಧರಿಗೆ ಒಗ್ಗದ ಔಷಧಗಳನ್ನು ಗುರುತಿಸಲು ಅಮೆರಿಕದಲ್ಲಿ 1991ರಲ್ಲಿ ಮೊದಲು ಪ್ರಕಟವಾದ ಬಿಯರ್ಸ್ ಮಾನದಂಡಗಳು ಬಳಕೆಯಲ್ಲಿವೆ.

ಭಾರತದಲ್ಲಿ

2015ರ ಫಾರ್ಮಸಿ ವೃತ್ತಿ ನಿಯಮಾವಳಿಯು ಚೀಟಿಯ ಪರಿಶೀಲನೆಯನ್ನೂ ರೋಗಿಗೆ ತಿಳಿವಳಿಕೆ ನೀಡುವುದನ್ನೂ ನೋಂದಾಯಿತ ಫಾರ್ಮಸಿಸ್ಟರ ಕರ್ತವ್ಯವಾಗಿಸಿದೆ. ಆದರೆ ಅನೇಕ ಔಷಧ ಅಂಗಡಿಗಳಲ್ಲಿ ರೋಗಿಯ ಹಿಂದಿನ ಔಷಧಗಳ ದಾಖಲೆ ಇರುವುದಿಲ್ಲ. ಹೀಗಾಗಿ ಹಳೆಯ ಚೀಟಿಗಳನ್ನು ಜೋಪಾನವಾಗಿಟ್ಟು ತೋರಿಸುವ ಹೊಣೆ ಮನೆಯವರ ಮೇಲೆಯೇ ಬೀಳುತ್ತದೆ.