ಗೇಟಿನಿಂದ ಒಳಕ್ಕೆ

ಹಳೇ ಮೈಸೂರು ಸೀಮೆಯ ರಸ್ತೆಗಳಲ್ಲಿ ‘ಗೇಟ್’ ಎಂಬ ಮಾತಿಗೆ ನಮ್ಮದೇ ಆದ ಒಂದು ಅರ್ಥವಿದೆ. ಹೆದ್ದಾರಿಯಿಂದ ಹಳ್ಳಿಯೊಂದಕ್ಕೆ ದಾರಿ ಕವಲೊಡೆಯುವ ಜಾಗವೇ ಆ ಹಳ್ಳಿಯ ಗೇಟು. ಅಲ್ಲಿ ಕದವಿಲ್ಲ, ಅಗುಳಿಯಿಲ್ಲ, ಕಾವಲಿಗೆ ಯಾರೂ ಇಲ್ಲ. ಒಂದು ಅರಳಿಮರವೋ, ಟೀ ಅಂಗಡಿಯೋ, ನಾಲ್ಕು ಆಟೊಗಳೋ ಇದ್ದರೆ ಇದ್ದೀತು. ಊರು ಒಳಗೆಲ್ಲೋ ಇರುತ್ತದೆ. ಬಸ್ಸು ಗೇಟಿನಲ್ಲಿ ನಿಂತು ಮುಂದಕ್ಕೆ ಹೋಗುತ್ತದೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಸಿಟಿ ಬಸ್ಸು ಓಡಿಸುವ ನಾನು ದಿನವೂ ಕೇಳುವ, ಆಡುವ ಮಾತುಗಳಲ್ಲಿ ಇದಕ್ಕಿಂತ ಹತ್ತಿರವಾದದ್ದು ಇನ್ನೊಂದಿಲ್ಲ.

356ರ ಸರಣಿಯ ಬಸ್ಸು ಹತ್ತಿದವರಿಗೆ ಈ ದಾರಿ ಗೊತ್ತು. ಮಡಿವಾಳ, ಸಿಲ್ಕ್ ಬೋರ್ಡ್, ರೂಪೇನ ಅಗ್ರಹಾರ, ಬೊಮ್ಮನಹಳ್ಳಿ ದಾಟಿದ ಮೇಲೆ ಕೂಡ್ಲು ಗೇಟ್ ಬರುತ್ತದೆ. ಸಿಂಗಸಂದ್ರ, ಹೊಸ ರೋಡ್, ಕೋಣಪ್ಪನ ಅಗ್ರಹಾರ, ಎಲೆಕ್ಟ್ರಾನಿಕ್ ಸಿಟಿ ಕಳೆದರೆ ಹುಸ್ಕೂರು ಗೇಟ್. ಆಮೇಲೆ ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರ; ಇನ್ನೂ ಮುಂದಕ್ಕೆ ಹೋದರೆ ರಾಜ್ಯದ ಗಡಿ ಅತ್ತಿಬೆಲೆ. ಊರಿಗೆ ಹೊಸಬರಾದವರು ಕೂಡ್ಲು ಗೇಟಿನಲ್ಲಿ ಇಳಿದು ಸುತ್ತಮುತ್ತ ನೋಡಿ, ‘ಕೂಡ್ಲು ಎಲ್ಲಿ ಸಾರ್?’ ಎಂದು ಕೇಳುವುದುಂಟು. ಕೂಡ್ಲು ಅಲ್ಲಿಲ್ಲ. ಅಲ್ಲಿಂದ ಪೂರ್ವಕ್ಕೆ ತಿರುಗಿ ಒಳಕ್ಕೆ ಹೋಗಬೇಕು. ಹುಸ್ಕೂರೂ ಹಾಗೆಯೇ. ಗೇಟು ಎಂಬುದು ನೀವು ನಿಂತ ಜಾಗದ ಹೆಸರನ್ನು ಹೇಳುವುದಿಲ್ಲ. ನೀವು ಇನ್ನೂ ಸೇರಬೇಕಾದ ಊರಿನ ಹೆಸರನ್ನು ಹೇಳುತ್ತದೆ. ಈ ಮಾತಿನ ಗುಣವೆಲ್ಲ ಇರುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ.

ಈ ಗುಣ ಇವತ್ತಿನದಲ್ಲ. ಬೆಂಗಳೂರು ಪೇಟೆಯ ಸುತ್ತ ಕೋಟೆಗೋಡೆಯಿದ್ದ ಕಾಲದಲ್ಲಿ ಅದರ ಬಾಗಿಲುಗಳಿಗೆ ಹಲಸೂರು, ಯಲಹಂಕ, ಆನೇಕಲ್ಲು ಎಂದು ಹೆಸರಿದ್ದವು. ಯಾವ ಬಾಗಿಲೂ ಆ ಊರಿನಲ್ಲಿರಲಿಲ್ಲ, ಆ ಊರಿಗೆ ಹೋಗುವ ದಾರಿಗೆ ಮುಖ ಮಾಡಿತ್ತು. 1791ರ ಮಾರ್ಚ್‌ನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಪೇಟೆಯೊಳಕ್ಕೆ ನುಗ್ಗಿದ್ದು ಹಲಸೂರು ಬಾಗಿಲನ್ನು ಒಡೆದೇ. ಆ ಗೋಡೆ ಹೋಯಿತು, ಕಂದಕ ಮುಚ್ಚಿತು, ಬಾಗಿಲೂ ಇಲ್ಲವಾಯಿತು. ಹೆಸರು ಮಾತ್ರ ಉಳಿದು ಇವತ್ತಿಗೂ ಹಲಸೂರು ಗೇಟ್ ಪೊಲೀಸ್ ಠಾಣೆಯ ಬೋರ್ಡಿನ ಮೇಲಿದೆ. ನಿಜವಾದ ಹಲಸೂರು ಅಲ್ಲಿಂದ ಎಷ್ಟೋ ದೂರ, ಕೆರೆಯ ದಂಡೆಯಲ್ಲಿದೆ. ಕೂಡ್ಲು ಗೇಟಿನಲ್ಲಿ ನಿಂತು ಕೂಡ್ಲು ಎಲ್ಲಿ ಎಂದು ಕೇಳುವವರ ಪ್ರಶ್ನೆಯನ್ನು ಹಲಸೂರು ಗೇಟಿನಲ್ಲೂ ಕೇಳಬಹುದು. ಎರಡಕ್ಕೂ ಉತ್ತರ ಒಂದೇ: ಇದು ದಾರಿ, ಊರು ಮುಂದಿದೆ.

ಗೇಟಿಗೆ ಸುಂಕದ ನೆನಪೂ ಅಂಟಿಕೊಂಡಿದೆ. ಮಾಗಡಿ ರಸ್ತೆಯಲ್ಲಿ ಟೋಲ್‌ಗೇಟ್ ಎಂಬ ಸ್ಟಾಪಿದೆ. ಅದೇ ರಸ್ತೆಯಲ್ಲಿ ಮುಂದಕ್ಕೆ ಹೋದರೆ ಸುಂಕದಕಟ್ಟೆ ಸಿಗುತ್ತದೆ. ಒಂದೇ ಕೆಲಸಕ್ಕೆ ಇಂಗ್ಲಿಷಿನಲ್ಲೊಂದು, ಕನ್ನಡದಲ್ಲೊಂದು ಹೆಸರು, ಎರಡನ್ನೂ ಒಂದೇ ಬಸ್ಸಿನ ಕಂಡಕ್ಟರ್ ಕೂಗುತ್ತಾನೆ. ಪಟ್ಟಣದೊಳಕ್ಕೆ ಬರುವ ಸರಕಿನ ಮೇಲಿನ ಆಕ್ಟ್ರಾಯ್ ಸುಂಕವನ್ನು ಕರ್ನಾಟಕದಲ್ಲಿ 1979ರಲ್ಲೇ ತೆಗೆದರು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳೂ ಹೋದವು. ಆದರೂ ಅತ್ತಿಬೆಲೆಯಲ್ಲಿ ಟೋಲ್ ಇದೆ, ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಗೂ ಟೋಲ್ ಇದೆ. ಅಡ್ಡಗಂಬ ಏಳುವ, ಬೀಳುವ ಆ ಗೇಟಿಗೂ ನಮ್ಮ ಹುಸ್ಕೂರು ಗೇಟಿಗೂ ಹೆಸರೊಂದೇ ಆದರೂ ಸ್ವಭಾವ ಬೇರೆ. ಟೋಲಿನವರು ದಾಟುವವನಿಂದ ದುಡ್ಡು ಕೇಳುತ್ತಾರೆ. ಹಳ್ಳಿಯ ಗೇಟು ಯಾರನ್ನೂ ತಡೆಯದೆ, ಯಾರಿಂದಲೂ ಏನನ್ನೂ ಕೇಳದೆ ಒಳಕ್ಕೆ ಬಿಡುತ್ತದೆ.

ಕರ್ನಾಟಕದ ಬೇರೆ ಸೀಮೆಗಳಲ್ಲಿ ಇಂಥ ಜಾಗಕ್ಕೆ ಬೇರೆ ಬೇರೆ ಹೆಸರುಗಳಿವೆ. ಎಚ್.ಡಿ. ಕೋಟೆಯ ದಾರಿಯಲ್ಲಿ ಹ್ಯಾಂಡ್‌ಪೋಸ್ಟ್ ಇದೆ. ದಾರಿ ಕವಲೊಡೆಯುವಲ್ಲಿ ಕೈ ಚಾಚಿ ಊರು ತೋರಿಸುವ ಕಂಬ ಅದು. ಕರಾವಳಿಯವರು ಅದನ್ನೇ ಅಚ್ಚುಕಟ್ಟಾಗಿ ‘ಕೈಕಂಬ’ ಎಂದರು. ಮಂಗಳೂರಿನ ಸುತ್ತ ಬಸ್ಸಿನಲ್ಲಿ ಹೋದವರು ಕೈಕಂಬ ಎಂಬ ಸ್ಟಾಪನ್ನು ದಾಟದೆ ಇರುವುದು ಕಷ್ಟ. ಉತ್ತರ ಕರ್ನಾಟಕದಲ್ಲಿ ‘ಕ್ರಾಸ್’ ಎನ್ನುತ್ತಾರೆ. ಅಲ್ಲಿಯ ಊರಬಾಗಿಲಿಗೆ ‘ಅಗಸಿ’ ಎಂಬ ಗಟ್ಟಿಯಾದ ಹಳೆಯ ಹೆಸರಿದೆ. ಕೋಲಾರದ ಕಡೆ ಒಂದಿಡೀ ಊರೇ ಬಾಗಿಲಾಗಿದೆ: ಮೂಡಲ ಬಾಗಿಲು ಮುಳಬಾಗಿಲಾಯಿತು. ಹ್ಯಾಂಡ್‌ಪೋಸ್ಟು, ಕೈಕಂಬಗಳು ದಾರಿ ತೋರಿಸುತ್ತವೆ, ಕ್ರಾಸು ರಸ್ತೆಗಳು ಸೇರುವುದನ್ನು ಹೇಳುತ್ತದೆ. ಗೇಟು ಎಂದಾಗ ಮಾತ್ರ ‘ಒಳಗೆ’ ಎಂಬ ಇನ್ನೊಂದು ಮಾತು ತಾನಾಗಿಯೇ ಜೊತೆಗೆ ಬರುತ್ತದೆ. ‘ಗೇಟಿಂದ ಒಳಕ್ಕೆ ಎಷ್ಟು ದೂರ?’ ‘ಗೇಟಲ್ಲಿ ಇಳ್ಕೊಂಡು ಫೋನ್ ಮಾಡು, ಗಾಡಿ ತರ್ತೀನಿ.’ ‘ಊರೊಳಗೆ ಮನೆ, ಗೇಟಲ್ಲಿ ಅಂಗಡಿ.’ ಬಸ್ಸಿನಲ್ಲಿ ಕಿವಿಗೆ ಬೀಳುವ ಇಂಥ ಮಾತುಗಳಲ್ಲೆಲ್ಲ ಗೇಟಿನ ಹಿಂದೆ ಒಂದು ಊರು, ಊರಿನಲ್ಲಿ ಕಾಯುವ ಒಬ್ಬರು ಇದ್ದೇ ಇರುತ್ತಾರೆ.

ನಮ್ಮ ಕೆಲಸದಲ್ಲೂ ಗೇಟುಗಳಿವೆ. ಡ್ಯೂಟಿ ಶುರುವಾಗುವುದೇ ಡಿಪೊ ಗೇಟಿನಲ್ಲಿ. ಬಸ್ಸು ಹೊರಬಿದ್ದ ಹೊತ್ತು, ಒಳಬಂದ ಹೊತ್ತು ಅಲ್ಲಿ ದಾಖಲಾಗುತ್ತದೆ. ರೈಲ್ವೆ ಗೇಟು ಹಾಕಿದೆ ಎಂದರೆ ಟ್ರಿಪ್ಪು ತಡವಾಯಿತೆಂದೇ ಅರ್ಥ. ಆದರೆ ಈ ರಸ್ತೆಯ ನಾಡಿ ಮಿಡಿಯುವುದು ಕಾರ್ಖಾನೆಗಳ ಗೇಟಿನಲ್ಲಿ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್, ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶ ಬಿಡುವ ಹೊತ್ತಿಗೆ ಬಸ್ಸು ತಂದು ನಿಲ್ಲಿಸಿದವರಿಗೆ ಗೊತ್ತು, ಶಿಫ್ಟು ಬಿಟ್ಟಿತೆಂದರೆ ಒಂದೇ ಸಮನೆ ಎಷ್ಟು ಜನ ಹೊರಬರುತ್ತಾರೆಂದು. ಸಂಘದವರು ‘ಗೇಟ್ ಮೀಟಿಂಗ್’ ಎನ್ನುವುದು ಅಲ್ಲಿ ನಡೆಯುವ ಸಭೆಗೇ. ಒಳಗೆ ಮಾತಾಡಲಾಗದ್ದನ್ನು ಗೇಟಿನಲ್ಲಿ ನಿಂತು ಆಡುತ್ತಾರೆ. ಭವಿಷ್ಯನಿಧಿಯ ಹಣ ತೆಗೆಯಲು ಕೇಂದ್ರ ಸರ್ಕಾರ ಹಾಕಿದ ಹೊಸ ನಿರ್ಬಂಧದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಗೇಟು ಬಿಟ್ಟು ಇದೇ ಹೊಸೂರು ರಸ್ತೆಗೆ ಇಳಿದರು. ಗಾಡಿಗಳೆಲ್ಲ ನಿಂತವು. ಎರಡು ದಿನಕ್ಕೆ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ದಿನವೂ ನನ್ನ ಬಸ್ಸಿನಲ್ಲಿ ಟಿಫಿನ್ ಬಾಕ್ಸು ಹಿಡಿದು ನಿಂತೇ ಬರುವವರ ಮಾತಿಗೆ ದೆಹಲಿ ಕಿವಿಗೊಟ್ಟಿತು. ಅದನ್ನು ನೆನೆದರೆ ನನಗೆ ಈಗಲೂ ಹೆಮ್ಮೆಯೆನಿಸುತ್ತದೆ.

ರಸ್ತೆ ಬದಲಾದ ಹಾಗೆಲ್ಲ ಗೇಟಿನ ಪಾಡೂ ಬದಲಾಗಿದೆ. ಸರ್ಕಾರಿ ಸಂಸ್ಥೆ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕಂಡ ಕನಸಿನಂತೆ 1978ರಲ್ಲಿ ಕೋಣಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. 2010ರ ಜನವರಿಯಲ್ಲಿ ಸುಮಾರು 10 ಕಿಲೋಮೀಟರಿನ ಮೇಲ್ಸೇತುವೆ ತೆರೆಯಿತು. ಅಂದಿನಿಂದ ಈ ದಾರಿಯ ಬಸ್ಸಿಗೆ ಕೈಯೊಡ್ಡಿದವರು ಮೊದಲು ಕೇಳುವ ಪ್ರಶ್ನೆ, ‘ಮೇಲೆ ಹೋಗುತ್ತಾ, ಕೆಳಗೆ ಹೋಗುತ್ತಾ?’ ಮೇಲೆ ಹೋಗುವ ಬಸ್ಸಿಗೆ ಹೊತ್ತು ಉಳಿಯುತ್ತದೆ. ಸಿಗ್ನಲಿಲ್ಲ, ಗುಂಡಿಯಿಲ್ಲ, ಹಳ್ಳಿಯ ಗೇಟೂ ಇಲ್ಲ. ಕೆಳಗೆ ಹೋಗುವ ಬಸ್ಸು ಒಂದೊಂದು ಸ್ಟಾಪಿಗೂ ನಿಂತು, ಆಟೊಗಳ ನಡುವೆ ಜಾಗ ಮಾಡಿಕೊಂಡು ಸಾಗಬೇಕು. ದಣಿವು ಹೆಚ್ಚು, ಅದು ನಿಜ. ಆದರೂ ನನಗೆ ಕೆಳಗಿನ ದಾರಿಯ ಶೆಡ್ಯೂಲೇ ಇಷ್ಟ. ಮೇಲಿನ ಬಸ್ಸು ಆಫೀಸಿಗೆ ಜನರನ್ನು ಮುಟ್ಟಿಸುತ್ತದೆ. ಕೆಳಗಿನದು ಊರುಗಳಿಗೆ ಮುಟ್ಟಿಸುತ್ತದೆ.

ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಹುಸ್ಕೂರು ಗೇಟು ಹೇಗಿರುತ್ತದೆಂದು ಹೇಳುತ್ತೇನೆ. ಇನ್ನೂ ಕತ್ತಲು. ಕೊತ್ತಂಬರಿ, ದಂಟು, ಸಬ್ಬಸಿಗೆ ಸೊಪ್ಪನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕಟ್ಟಿಟ್ಟುಕೊಂಡು ಒಬ್ಬ ಅಜ್ಜಿ ರಸ್ತೆಯಂಚಿನಲ್ಲಿ ನಿಂತಿರುತ್ತಾಳೆ. ಮಾರ್ಕೆಟ್ಟಿಗೆ ಹೋಗಬೇಕು. ಮೊಮ್ಮಗ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಒಳಗಿಂದ ಗೇಟಿನವರೆಗೆ ತಂದು ಬಿಟ್ಟಿರುತ್ತಾನೆ. ಬಸ್ಸು ಹತ್ತಿಸಿಯೇ ವಾಪಸು ಹೋಗುವುದು. ಮೂಟೆಯನ್ನು ಫುಟ್‌ಬೋರ್ಡಿನ ಮೇಲೆ ಎತ್ತಿಡಲು ಕಂಡಕ್ಟರ್ ಒಂದು ಕೈ ಕೊಡುತ್ತಾರೆ. ನಾನು ಕನ್ನಡಿಯಲ್ಲಿ ನೋಡುತ್ತಿರುತ್ತೇನೆ. ‘ಹತ್ತಿದೆ ಕಣಪ್ಪ, ಬಿಡು’ ಎಂದು ಅಜ್ಜಿಯೇ ಹೇಳಿದ ಮೇಲೆ ಕಂಡಕ್ಟರ್ ‘ರೈಟ್’ ಎನ್ನುತ್ತಾರೆ. ಒದ್ದೆ ಗೋಣಿಯಿಂದ ನೀರು ಹರಿದು ಹಿಂದಿನ ಸೀಟಿನವರೆಗೂ ಹೋಗುತ್ತದೆ, ಬಸ್ಸೆಲ್ಲ ಕೊತ್ತಂಬರಿ ಘಮ. ಮಾವಿನ ಕಾಲದಲ್ಲಾದರೆ ಸಿಂಗೇನ ಅಗ್ರಹಾರದ ಹಣ್ಣಿನ ಮಾರುಕಟ್ಟೆಗೆ ಹೋಗುವ ಕೂಲಿಯವರೂ ಇಲ್ಲೇ ಇಳಿಯುತ್ತಾರೆ. ಹುಸ್ಕೂರಿನ ಮದ್ದೂರಮ್ಮನ ಜಾತ್ರೆ ಬಂತೆಂದರೆ ಗೇಟಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸುತ್ತಲಿನ ಹಳ್ಳಿಗಳವರು ನೂರಡಿಗೂ ಮೀರಿದ ತೇರುಗಳನ್ನು ಕಟ್ಟಿ ಎಳೆದು ತರುತ್ತಾರೆ. 2025ರ ಮಾರ್ಚ್‌ನಲ್ಲಿ ಗಾಳಿಮಳೆಗೆ ತೇರು ಉರುಳಿ ಪ್ರಾಣಹಾನಿಯೂ ಆಯಿತು. ಆ ವಾರವೆಲ್ಲ ಬಸ್ಸಿನಲ್ಲಿ ಬೇರೆ ಮಾತಿರಲಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಪ್ರಯಾಣ ಉಚಿತವಾಯಿತು. ದುಡ್ಡು ಕೊಡಬೇಕಿಲ್ಲ, ಆದರೆ ಸೊನ್ನೆ ದರದ ಟಿಕೆಟ್ ಪಡೆಯಲು ಇಳಿಯುವ ಜಾಗವನ್ನು ಹೇಳಲೇಬೇಕು. ಹಾಗಾಗಿ ಆಧಾರ್ ಕಾರ್ಡು ತೋರಿಸುತ್ತ ‘ಗೇಟ್’ ಎನ್ನುವ ಹೆಣ್ಣುದನಿ ಈಗ ಮೊದಲಿಗಿಂತ ಹೆಚ್ಚು ಕೇಳಿಸುತ್ತದೆ. ಮೊದಲು ಗಂಡನೋ ಮಗನೋ ಪೇಟೆಗೆ ಹೋಗಿ ತರುತ್ತಿದ್ದ ಔಷಧಿಗೆ ಈಗ ಹೆಂಗಸೇ ಹೋಗಿ ಡಾಕ್ಟರನ್ನು ತಾನೇ ಕಂಡು ಬರುತ್ತಾಳೆ. ಗೇಟಿನಾಚೆಗಿನ ಪಟ್ಟಣ ಅವಳಿಗೂ ಹತ್ತಿರವಾಗಿದೆ. ಇದನ್ನು ಸ್ಟೇರಿಂಗಿನ ಹಿಂದೆ ಕೂತು ದಿನವೂ ಕಂಡವನು ನಾನು.

ಆದರೆ ರಾತ್ರಿಯ ಮಾತು ಬೇರೆ. ಎರಡನೇ ಪಾಳಿ ಮುಗಿಸಿ ಬರುವ ಹುಡುಗಿ ಗೇಟಿನಲ್ಲಿ ಇಳಿದ ಮೇಲೆ ಒಳಗಿನ ದಾರಿ ನನ್ನ ಶೆಡ್ಯೂಲಿನಲ್ಲಿಲ್ಲ. ದೀಪವಿದೆಯೋ ಇಲ್ಲವೋ, ನಾಯಿಗಳ ಕಾಟವಿದೆಯೋ, ಷೇರ್ ಆಟೊ ಸಿಕ್ಕಿತೋ, ಅದೊಂದೂ ನನ್ನ ಟ್ರಿಪ್‌ಶೀಟಿಗೆ ಬರುವುದಿಲ್ಲ. ಅವಳ ಅಪ್ಪ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರೆ ಮನಸ್ಸಿಗೆ ನೆಮ್ಮದಿ. ಯಾರೂ ಇಲ್ಲದಿದ್ದರೆ ಅವಳು ಆಟೊ ಹತ್ತುವವರೆಗೆ ಬಾಗಿಲು ಮುಚ್ಚದೆ ಒಂದು ಗಳಿಗೆ ನಿಲ್ಲುತ್ತೇನೆ. ಈ ದಾರಿಯ ಎಷ್ಟೋ ಚಾಲಕರು ಹೀಗೆಯೇ ನಿಲ್ಲುತ್ತಾರೆ. ಲೆಕ್ಕದಲ್ಲಿ ಗೇಟು ನಮ್ಮ ಒಂದು ಸ್ಟೇಜು ಅಷ್ಟೆ. ಅವಳಿಗೆ ಅಲ್ಲಿಂದಲೇ ದಾರಿಯ ಕಷ್ಟದ ಭಾಗ ಶುರು.

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೊದ ಹಳದಿ ಮಾರ್ಗ ಶುರುವಾಯಿತು. 19 ಕಿಲೋಮೀಟರಿಗೂ ಹೆಚ್ಚಿನ ದಾರಿ, 16 ನಿಲ್ದಾಣ. ನನ್ನ ಬಸ್ಸಿನ ಎಷ್ಟೋ ಮಂದಿ ಖಾಯಂ ಪ್ರಯಾಣಿಕರು ಮೆಟ್ರೊಗೆ ಹೋದರು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅವರು ಕಳೆದ ಗಂಟೆಗಳನ್ನು ಕಣ್ಣಾರೆ ಕಂಡ ನನಗೆ ಅದರಿಂದ ಸಂತೋಷವೇ ಆಗಿದೆ. ನಿಲ್ದಾಣಗಳ ಪಟ್ಟಿಯಲ್ಲಿ ‘ಕೂಡ್ಲು ಗೇಟ್’ ಎಂಬ ಹೆಸರು ಹಾಗೆಯೇ ಉಳಿದದ್ದು ಇನ್ನೊಂದು ಸಂತೋಷ. ಹುಸ್ಕೂರಿನ ಪಾಲಿಗೆ ಬಂದದ್ದು ‘ಹುಸ್ಕೂರು ರಸ್ತೆ’ ಎಂಬ ಹೆಸರು. ಜನ ಮಾತ್ರ ಮೆಟ್ರೊ ಇಳಿದು ಬಂದು ಬಸ್ಸಿನಲ್ಲಿ ಗೇಟು ಎಂದೇ ಕೇಳುತ್ತಾರೆ. ಅಪಾರ್ಟ್‌ಮೆಂಟಿನ ಹೆಸರೋ ಕಂಪನಿಯ ಹೆಸರೋ ಸ್ಟಾಪಿಗೆ ಬಂದರೆ ಅದು ರಸ್ತೆ ಬದಿಯಲ್ಲಿ ನಿಂತ ಕಟ್ಟಡವನ್ನಷ್ಟೇ ಹೇಳೀತು. ಗೇಟು ಎಂಬ ಹೆಸರಿದ್ದರೆ ಒಳಗೊಂದು ಊರಿದೆ, ಅಲ್ಲಿಗೂ ಜನ ಹೋಗಬೇಕು ಎಂಬುದು ಬೋರ್ಡಿನ ಮೇಲೆಯೇ ಬರೆದಿಟ್ಟ ಹಾಗಾಗುತ್ತದೆ.

ಅದಕ್ಕೇ ಈ ಮಾತು ನಮ್ಮ ಸ್ಟಾಪುಗಳಿಂದ ಅಳಿಸಿಹೋಗಬಾರದು. ಗೇಟಿನ ಸ್ಟಾಪುಗಳನ್ನು ಊರದಾರಿಯ ಬಾಯಿಂದ ದೂರಕ್ಕೆ ತಳ್ಳಬಾರದು. ಮೂಟೆ ಹೊತ್ತವಳಿಗೆ ನೂರು ಹೆಜ್ಜೆಯೂ ಹೆಚ್ಚೇ. ಮೆಟ್ರೊ ನಿಲ್ದಾಣಗಳಿಂದ ಓಡುವ ಫೀಡರ್ ಬಸ್ಸುಗಳು ಹೆದ್ದಾರಿಗೆ ಸಮನಾಗಿ ಓಡಿದರೆ ಸಾಲದು, ಗೇಟಿನಲ್ಲಿ ತಿರುಗಿ ಒಳಕ್ಕೆ ಹೋಗಬೇಕು. ಒಳದಾರಿಗಳು ಕಿರಿದಾಗಿವೆ ಎಂದರೆ ಚಿಕ್ಕ ಬಸ್ಸುಗಳಿವೆ. ರಾತ್ರಿ ಪ್ರಯಾಣಿಕರು ಕಡಿಮೆ ಎಂದರೆ, ಆ ಹೊತ್ತಿನಲ್ಲಿ ಇಳಿಯುವ ಕೆಲವರಿಗೇ ಬಸ್ಸಿನ ಅಗತ್ಯ ಎಲ್ಲರಿಗಿಂತ ಹೆಚ್ಚು. ಕೊನೆಯ ಮೆಟ್ರೊ ಬಂದ ಮೇಲೂ ಒಂದು ಬಸ್ಸು ಕೂಡ್ಲಿಗೆ, ಒಂದು ಹುಸ್ಕೂರಿಗೆ ಹೋಗುವಂತೆ ವೇಳಾಪಟ್ಟಿ ಹಾಕುವವರು ಹಾಕಲಿ. ಓಡಿಸಲು ನಾವಿದ್ದೇವೆ.